ಸುಣ್ಣ ಸಾಲದೆ ಹುಟ್ಟಿದ ಪಟ್ಟೆಮ್ಮ

ನಿಜವಾಗಿ ಆದದ್ದು ಇಷ್ಟೇ: ಸುಣ್ಣ ಸಾಲಲಿಲ್ಲ. ಉಳಿದದ್ದನ್ನೆಲ್ಲ ಜನ ಆಮೇಲೆ ಸೇರಿಸಿದರು.

ನಮ್ಮ ಊರ ಹಿಂದಿನ ಗುಡ್ಡದಲ್ಲಿ ಮತ್ತೆ ಹುಲ್ಲು ಬಂದದ್ದು ಹೇಗೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅರಣ್ಯ ಸಮಿತಿಯ ಅಧ್ಯಕ್ಷ ದೊಡ್ಡಬಸಪ್ಪ ತನ್ನಿಂದ ಅನ್ನುತ್ತಾನೆ. ಫಾರೆಸ್ಟ್ ಗಾರ್ಡ್ ಮಂಜುನಾಥ ಮಳೆ ಚಲೋ ಆಯಿತು ಅನ್ನುತ್ತಾನೆ. ನನ್ನ ನೆಗೆಣ್ಣಿ ತಿಪ್ಪಮ್ಮ ಏನೂ ಅನ್ನುವುದಿಲ್ಲ, ಗುಡ್ಡದ ಕಡೆ ತಿರುಗಿ ಕೈ ಮುಗಿಯುತ್ತಾಳೆ, ಅಷ್ಟೇ. ಆಕೆ ಕೈ ಮುಗಿಯುವುದು ಪಟ್ಟೆಮ್ಮನಿಗೆ. ಆ ಪಟ್ಟೆಮ್ಮನಿಗೆ ಪಟ್ಟೆ ಬಳಿದವಳು ನಾನು. ನನ್ನ ಮಾತು ಯಾರೂ ಕೇಳುವುದಿಲ್ಲ, ಅದು ಬೇರೆ.

ಇದೆಲ್ಲ ನೆನಪಾದದ್ದು ಮೊನ್ನೆ ಅಟ್ಟ ಹತ್ತಿದಾಗ. ಹುಡುಕುತ್ತಿದ್ದದ್ದು ಶ್ಯಾವಿಗೆ ಮಣೆ, ಸಿಕ್ಕಿದ್ದು ಸುಣ್ಣದ ಕುಂಚ. ಅಂಗಡಿಯ ಬ್ರಷ್ ಅಲ್ಲ. ಈಚಲ ಮಟ್ಟೆ ನೀರಲ್ಲಿ ನೆನೆಸಿ, ಕಲ್ಲಿನ ಮೇಲಿಟ್ಟು ಜಜ್ಜಿ, ನಾರು ಬಿಡಿಸಿ ನಾನೇ ಮಾಡಿಕೊಂಡದ್ದು. ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ಕೆಂಪು. ತೊಳೆಯದೆ ಇಟ್ಟಿದ್ದಕ್ಕೆ ಒಣಗಿ ಕೊರಡಾಗಿತ್ತು. ನಮ್ಮವ್ವ ಇದ್ದಿದ್ದರೆ ಅದೇ ಕುಂಚದಲ್ಲಿ ನನ್ನ ಬೆನ್ನಿಗೆ ಬಾರಿಸುತ್ತಿದ್ದಳು.

ಅವ್ವ ಸುಣ್ಣದ ವಿಷಯದಲ್ಲಿ ಭಾಳ ಬಿಗಿ. ದಸರೆಗೆ ಮೊದಲು ಸುಣ್ಣದ ಕಲ್ಲು ತಂದು ಹರವಿಯಲ್ಲಿ ಹಾಕಿ ನೀರು ಹೊಯ್ದರೆ ಅದು ಕೊತಕೊತ ಕುದಿಯುತ್ತಿತ್ತು. ಕೆಳಗೆ ಒಲೆ ಇಲ್ಲದೆ ಹೇಗೆ ಕುದಿಯುತ್ತದೆ ಅಂತ ಬಗ್ಗಿ ನೋಡಲು ಹೋಗಿ ನಾನು ಒಂದು ಹುಬ್ಬು ಸುಟ್ಟುಕೊಂಡೆ. ಆ ವರ್ಷವೆಲ್ಲ ಓಣಿಯ ಹುಡುಗರು ನನ್ನನ್ನು ಅರ್ಧಹುಬ್ಬಿ ಅಂತ ಕರೆದರು. ನಾನು ಶಾಲೆ ಬಿಟ್ಟದ್ದಕ್ಕೆ ಅದೂ ಒಂದು ಕಾರಣ ಅಂತ ಮೊಮ್ಮಕ್ಕಳಿಗೆ ಹೇಳುತ್ತೇನೆ. ಸುಳ್ಳು. ಶಾಲೆ ಬಿಟ್ಟದ್ದು ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರು ಇರಲಿಲ್ಲ ಅಂತ.

ಅವ್ವ ಗೋಡೆಗೆ ಬಿಳಿ ಬಳಿದು, ಕಟ್ಟೆಯ ಅಂಚಿಗೆ ಕೆಮ್ಮಣ್ಣು ಸಾರಿಸುತ್ತಿದ್ದಳು. ಕೆಂಪು ಅಲ್ಲಿಗೇ ನಿಲ್ಲಬೇಕು. ಬಿಳಿ ಒಂದು, ಕೆಂಪು ಒಂದು ಅಂತ ಉದ್ದುದ್ದ ಪಟ್ಟೆ ಎಳೆಯುವುದು ಗುಡಿಯ ಗೋಡೆಗೆ ಮಾತ್ರ. ಅಂಚು ಮನುಷ್ಯರದ್ದು, ಪಟ್ಟೆ ದೇವರದ್ದು ಅಂತ ಅವ್ವನ ಮಾತು. ಈ ಮಾತು ಬೇಕಾದ ಹೊತ್ತಿಗೆ ನನಗೆ ನೆನಪಾಗಲಿಲ್ಲ. ವಯಸ್ಸಾದ ಮೇಲೆ ನೆನಪು ಹಾಗೇ, ಊಟ ಮುಗಿದ ಮೇಲೆ ಬರುವ ಉಪ್ಪಿನಕಾಯಿ.

ಕೆಮ್ಮಣ್ಣಿಗೆ ನಮ್ಮಲ್ಲಿ ಬರ ಇಲ್ಲ. ಸಂಡೂರಿನ ಕಡೆಯವರಿಗೆ ಕೆಂಪು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ರಸ್ತೆ ಕೆಂಪು, ಮರದ ಎಲೆ ಕೆಂಪು, ಮಳೆ ಬಂದರೆ ಹಳ್ಳ ಕೆಂಪು, ಬೆಳಿಗ್ಗೆ ಒಗೆದು ಹಾಕಿದ ಬಿಳಿ ಧೋತರ ಸಂಜೆಗೆ ಕೆಂಪು. ಅದಿರಿನ ಲಾರಿ ಒಂದರ ಬಾಲಕ್ಕೆ ಒಂದು ಓಡುತ್ತಿದ್ದ ಕಾಲದಲ್ಲಿ ದಸರೆಗೆ ಬಳಿದ ಸುಣ್ಣ ದೀಪಾವಳಿಗೆ ಕಾಣುತ್ತಿರಲಿಲ್ಲ. ನನ್ನ ಗಂಡ ಯಶವಂತನಗರದ ಕಡೆ ಗಣಿ ಕೆಲಸಕ್ಕೆ ಹೋಗುತ್ತಿದ್ದ. ಅವನು ಮೈ ತೊಳೆದರೆ ಬಚ್ಚಲಿಂದ ಕುಂಕುಮದ ನೀರು ಹರಿದ ಹಾಗೆ. ಹರೆಯದಲ್ಲಿ ನಾನೂ ಸುತ್ತಿಗೆ ಹಿಡಿದು ಅದಿರು ಒಡೆದವಳೇ. ಆ ಕೂಲಿಯಲ್ಲೇ ಮಕ್ಕಳು ದೊಡ್ಡವರಾದರು. ಗಣಿಯನ್ನು ಬೈದು ಪುಣ್ಯ ಕಟ್ಟಿಕೊಳ್ಳುವ ಆಸೆ ನನಗಿಲ್ಲ.

ಹಂಪಿಗೆ ಬರುವವರು ಬೋಳು ಬಂಡೆ ನೋಡಿ ಎಷ್ಟು ಚಂದ ಅನ್ನುತ್ತಾರೆ. ಅಲ್ಲಿಯ ಗುಡ್ಡ ಹುಟ್ಟಿದ್ದೇ ಬೋಳು, ಅದಕ್ಕೆ ಆ ಚಂದ ಒಪ್ಪುತ್ತದೆ. ನಮ್ಮದು ತಲೆ ತುಂಬ ಕೂದಲಿದ್ದು ಬೋಳಾದ ಗುಡ್ಡ. ನಾನು ಮದುವೆಯಾಗಿ ಬಂದಾಗ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿಯ ಹುಲ್ಲು ಎಮ್ಮೆಯ ಬೆನ್ನು ಮುಚ್ಚುತ್ತಿತ್ತು. ಮೈದುನನಿಗೆ ತಿಪ್ಪಮ್ಮನನ್ನು ತಂದದ್ದು ನಾನು ಬಂದ ಕೆಲವು ವರ್ಷಕ್ಕೆ. ಗಿಡ್ಡ ಹುಡುಗಿ, ತಲೆ ತುಂಬ ಎಣ್ಣೆ, ಕೈ ತುಂಬ ಹಸಿರು ಬಳೆ. ಮೊದಲ ಸಲ ಹುಲ್ಲು ಕೊಯ್ಯಲು ಕರೆದುಕೊಂಡು ಹೋದಾಗ ಹಿಂದೆ ಬರುತ್ತಿದ್ದವಳು ಕಾಣಲೇ ಇಲ್ಲ. ಕೂಗಿದರೆ ಓ ಅನ್ನಲಿಲ್ಲ, ಹೊಸ ಮದುವಣಗಿತ್ತಿ ಗುಡ್ಡದಲ್ಲಿ ಕೂಗಬಾರದು ಅಂತ ಅವಳಿಗೆ ಯಾರೋ ಹೇಳಿ ಕಳಿಸಿದ್ದರಂತೆ. ಕೊನೆಗೆ ಬಳೆಯ ಸಪ್ಪಳ ಹಿಡಿದು ಹೋದೆ. ಹುಲ್ಲಿನ ನಡುವೆ ಕುಂತು, ಸದ್ದಿಲ್ಲದೆ ಅಳುತ್ತಾ, ಅಳುತ್ತಲೇ ಹೊರೆ ಕಟ್ಟುತ್ತಿದ್ದಳು. ಹೊರೆ ನನ್ನದಕ್ಕಿಂತ ದೊಡ್ಡದಿತ್ತು. ಆವತ್ತೇ ನನಗೆ ಗೊತ್ತಾಯಿತು, ಈ ಹೆಣ್ಣಿನ ಅಳು ಬೇರೆ, ಕೈ ಬೇರೆ.

ಆಮೇಲೆ ನಾವು ಜಗಳವಾಡದ ವಿಷಯ ಇಲ್ಲ. ಒರಳಿಗೆ, ಬಚ್ಚಲ ನೀರಿಗೆ, ಅತ್ತೆಯ ಸೀರೆಗೆ. ಮನೆ ಬೇರೆಯಾದ ಮೇಲೂ ನಡುಗೋಡೆಯ ಮೇಲೆ ಯಾರ ಕೋಳಿ ಕೂರಬೇಕು ಅಂತ ಜಗಳ. ಆಕೆಯ ಗಂಡ ಹೋದ ಮೇಲೆ, ನನ್ನ ಗಂಡನೂ ಹೋದ ಮೇಲೆ, ಜಗಳ ಕಡಿಮೆಯಾಗಲಿಲ್ಲ. ಬೇರೆ ಕೆಲಸ ಕಡಿಮೆಯಾಯಿತು.

ಗುಡ್ಡ ಮಾತ್ರ ನಮ್ಮ ಕಣ್ಣ ಮುಂದೆಯೇ ಹೋಯಿತು. ಯಾರೋ ಒಂದು ದಿನ ಬಂದು ಕಿತ್ತುಕೊಂಡು ಹೋಗಲಿಲ್ಲ. ಒಲೆಗೆ ಅಂತ ಒಂದು ಕೊಂಬೆ, ಎಳೆ ಹುಲ್ಲು ಬರಲಿ ಅಂತ ಬೇಸಿಗೆಗೊಂದು ಬೆಂಕಿ, ಹುಲ್ಲು ತಲೆ ಎತ್ತುವ ಮೊದಲೇ ಮೇಕೆಯ ಬಾಯಿ, ಮೇಲಿಂದ ಲಾರಿಯ ಧೂಳು. ಕೊನೆಗೆ ಉಳಿದದ್ದು ಜಲ್ಲಿಕಲ್ಲು ಮತ್ತು ಬಳ್ಳಾರಿ ಜಾಲಿ. ಆ ಮುಳ್ಳಿಗೆ ನಮ್ಮ ಜಿಲ್ಲೆಯ ಹೆಸರಿಟ್ಟವನು ಯಾರೋ, ಕೈಗೆ ಸಿಕ್ಕಿದ್ದರೆ ಅದರ ಮೇಲೇ ಕೂರಿಸುತ್ತಿದ್ದೆ.

ಆಗ ಬಂದವನು ಮಂಜುನಾಥ. ಕಂಪ್ಲಿಯ ಆಚೆ ಎಮ್ಮಿಗನೂರಿನ ಹುಡುಗ, ಭತ್ತ ಕಬ್ಬಿನ ನಡುವೆ ಬೆಳೆದವನು. ನಮ್ಮ ಗುಡ್ಡ ಹತ್ತುವಾಗ ಮೊದಮೊದಲು ಏದುಸಿರು ಬಿಡುತ್ತಿದ್ದ, ಆದರೆ ಹತ್ತುವುದು ಬಿಡಲಿಲ್ಲ. ನನ್ನನ್ನು ಅಜ್ಜಿ ಅಂದ, ನನ್ನ ಮನೆಯ ರೊಟ್ಟಿ ತಿಂದ, ಅಲ್ಲಿಗೆ ನಾನು ಅವನ ಕಡೆಯವಳಾದೆ. ಶಾಲೆಯ ಪಡಸಾಲೆಯಲ್ಲಿ ಊರ ಸಭೆ ಸೇರಿಸಿ, ಸಮಿತಿ ಮಾಡಿ, ಹೇಳಿದ: ಜಾಲಿ ಕೀಳೋಣ, ಅಡ್ಡಕ್ಕೆ ಕಂದಕ ತೋಡಿ ನೀರು ನಿಲ್ಲಿಸೋಣ, ಓರೆಯ ಇಳಿಜಾರಿನಲ್ಲಿ ಹುಲ್ಲಿನ ಬೀಜ ಚೆಲ್ಲೋಣ, ಬುಡದಲ್ಲಿ ಬೇವು, ಹೊಂಗೆ, ಸೀತಾಫಲ ಹಚ್ಚೋಣ. ಹುಲ್ಲು ಬೇರು ಹಿಡಿಯುವ ತನಕ ದನ ಬಿಡಬಾರದು. ಬೇರು ಹಿಡಿದ ಮೇಲೆ ಊರವರೇ ಕೊಯ್ದು ಹಂಚಿಕೊಳ್ಳಬೇಕು, ಕಾಯುವುದೂ ಊರವರೇ.

ತಂತಿ ಬೇಲಿಯ ಮಾತು ಬಂತು. ಮೊದಲು ಅದಿರಿನ ಲಾರಿ ಓಡಿಸಿ ಈಗ ಅಧ್ಯಕ್ಷನಾದ ದೊಡ್ಡಬಸಪ್ಪ ಕುಂತಲ್ಲಿಂದಲೇ ಅಂದ:

"ಬ್ಯಾಡ್ರಿ ಸಾಹೇಬ್ರ. ನಮ್ಮೂರಾಗ ಹುಲ್ಲಿಗಿಂತ ಮೊದಲ ತಂತಿ ಮೇಯ್ತಾರ."

ಎಲ್ಲರೂ ನಕ್ಕರು. ತಿಪ್ಪಮ್ಮ ನಗಲಿಲ್ಲ. ಆ ಓರೆಯಲ್ಲಿ ಹೆಚ್ಚು ಮೇಯುತ್ತಿದ್ದದ್ದು ಆಕೆಯವೇ ಜಾನುವಾರು: ಚಂದ್ರಿ ಅನ್ನುವ ಎಮ್ಮೆ, ಒಂದು ಹಿಂಡು ಮೇಕೆ. ಚಂದ್ರಿಯ ಹಾಲು ತೋರಣಗಲ್ಲಿಗೆ ಹೋಗುವ ಕಂಪನಿ ಬಸ್ಸು ನಿಲ್ಲುವಲ್ಲಿಯ ಚಹಾದ ಹೋಟೆಲಿಗೆ ಹೋಗುತ್ತಿತ್ತು. ಆಕೆಯ ಒಲೆ ಉರಿಯುತ್ತಿದ್ದದ್ದು ಆ ಹಾಲಿನಿಂದ. ಆಕೆ ಎದ್ದು ನಿಂತು ಕೇಳಿದಳು:

"ನೀವೆಲ್ಲ ಠರಾವು ಬರ್ಕೊಂಡು ಹೋಗ್ತೀರಿ. ನನ್ನ ಎಮ್ಮಿ ಏನ್ ತಿನ್ಬೇಕ್ರಿ, ಠರಾವು ತಿನ್ಬೇಕಾ?"

ದೊಡ್ಡಬಸಪ್ಪ ಮಂಜುನಾಥನ ಕಡೆ ನೋಡಿದ, ಮಂಜುನಾಥ ನೆಲ ನೋಡಿದ. ಆಕೆ ಒಪ್ಪದಿದ್ದರೆ ಬೇರೆಯವರೂ ಒಪ್ಪುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆಗ ನಾನು ಬಾಯಿ ಹಾಕಿದೆ. ನನ್ನ ಬಾಯಿಯ ರೋಗ ಅದು, ಖಾಲಿ ಇರುವ ಜಾಗ ಕಂಡರೆ ಹೋಗಿ ಕೂರುತ್ತದೆ.

"ಹುಲ್ಲು ಕೊಯ್ಯೋ ವರ್ಷ ಮೊದಲ ಕುಡುಗೋಲು ತಿಪ್ಪಮ್ಮಂದು. ಮೊದಲ ಹೊರೆ ಚಂದ್ರಿಗೆ. ಅಲ್ಲೀತನ ನಾನೂ ಆಕಿ ಸಂಗಾಟ ಮೇವು ತರ್ತೀನಿ. ಇದು ನನ್ನ ಮಾತು."

ತಿಪ್ಪಮ್ಮ ನನ್ನನ್ನು ಒಂದು ಸಲ ಮೇಲಿಂದ ಕೆಳಕ್ಕೆ ನೋಡಿದಳು. ಬಚ್ಚಲ ನೀರಿನ ಜಗಳದಲ್ಲಿ ಕೊಟ್ಟು ತಪ್ಪಿದ ಮಾತುಗಳನ್ನು ಲೆಕ್ಕ ಹಾಕುತ್ತಿದ್ದಳೋ ಏನೋ. ಆಮೇಲೆ, "ಆತು ಬಿಡು ಯಕ್ಕಾ, ನೀನು ಹೇಳಿದ ಮ್ಯಾಲೆ," ಅಂದು ಕುಂತಳು. ಮೇಕೆಗಳನ್ನು ಮಾರಿದಳು. ಕಿವಿ ಹರಿದ ಒಂದು ಮುದಿ ಮೇಕೆಯನ್ನು ಯಾರೂ ಕೊಳ್ಳಲಿಲ್ಲ, ಅದು ಉಳಿಯಿತು. ಚಂದ್ರಿಯನ್ನು ಹಿತ್ತಲಲ್ಲಿ ಕಟ್ಟಿಹಾಕಿ ಸಾಕಿದಳು. ಮಂಜುನಾಥ ತನ್ನ ಊರಿಂದ ಟ್ರ್ಯಾಕ್ಟರ್ ಬರುವಾಗೆಲ್ಲ ಭತ್ತದ ಹುಲ್ಲು, ಕಬ್ಬಿನ ಸೋಗೆ ಹಾಕಿಸಿ ಕಳಿಸಿದ. ಸಾಲದ್ದಕ್ಕೆ ನಾವಿಬ್ಬರೂ ರಸ್ತೆ ಬದಿ, ಹೊಲದ ಬದು ಅಂತ ಅಲೆದು ಹುಲ್ಲು ಕೆರೆದೆವು. ಕೆಂಪು ಧೂಳಿನ ಹುಲ್ಲು, ತೊಳೆದು ಹಾಕಬೇಕು. ಎಮ್ಮೆಗೆ ಹುಲ್ಲು ತೊಳೆದು ಕೊಡುವ ಕಾಲ ಬಂತಲ್ಲ ಅಂತ ನಾನು ಬೈಯುವುದು, ನಿನ್ನ ಮಾತಿನಿಂದಲೇ ಬಂತು ಅಂತ ಆಕೆ ತಿರುಗಿ ಬೈಯುವುದು.

ಇನ್ನು ಸುಣ್ಣ. ಬೇಲಿ ಇಲ್ಲದಿದ್ದರೆ ಗಡಿಯಾದರೂ ಕಾಣಬೇಕು, ದಾರಿಯ ಪಕ್ಕ ಕಲ್ಲು ನೆಟ್ಟು ಬಿಳಿ ಬಳಿಯಿರಿ ಅಂತ ಮಂಜುನಾಥ ಹೇಳಿದ. ಹಬ್ಬಕ್ಕೆ ಬಳಿದು ಉಳಿದ ಸುಣ್ಣ ನಮ್ಮ ಮನೆಯಲ್ಲಿತ್ತು, ಅದನ್ನೇ ಡಬ್ಬಿಯಲ್ಲಿ ಕಲಸಿಕೊಂಡು ಹೋದೆ. ಕಲ್ಲುಗಳು ಸಾಲಾಗಿ ನಿಂತಿದ್ದವು. ಮೊದಲು ಕೈ ಹಾಕಿದ್ದು ದಾರಿ ಬದಿಯ ಹಳೆ ಬೇವಿನ ಮರದ ಕೆಳಗಿನ ದೊಡ್ಡ ಕಲ್ಲಿಗೆ. ನೆಲದಲ್ಲಿ ಮೊದಲೇ ಹೂತಿದ್ದ ಕಲ್ಲು, ಮೊಳಕಾಲೆತ್ತರ, ಕುಂಬಳಕಾಯಿಯಂತೆ ದುಂಡಗೆ. ಎರಡು ಗೆರೆ ಎಳೆಯುವುದರಲ್ಲಿ ಡಬ್ಬಿ ಅರ್ಧಕ್ಕಿಳಿಯಿತು. ಇದೊಂದೇ ಎಲ್ಲ ಕುಡಿದರೆ ಉಳಿದವಕ್ಕೆ ಏನು? ಅದಕ್ಕೆ ಬಿಳಿ ಗೆರೆಗಳ ನಡುವೆ ಜಾಗ ಬಿಟ್ಟೆ, ಬಿಟ್ಟ ಜಾಗ ಕೊಳಕಾಗಿ ಕಂಡಿತು, ಅಲ್ಲೇ ನೆಲದಿಂದ ಕೆಮ್ಮಣ್ಣು ಬೊಗಸೆಯಲ್ಲಿ ತೆಗೆದು ನೀರಲ್ಲಿ ಕಲಸಿ ತುಂಬಿದೆ. ಬಿಳಿ ಒಂದು, ಕೆಂಪು ಒಂದು. ಉಳಿದ ಕಲ್ಲಿಗೂ ಹಾಗೆಯೇ. ದೂರ ನಿಂತು ನೋಡಿ, ಚಲೋ ಕಾಣುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ಮನೆಗೆ ಬಂದು ಮುದ್ದೆ ತಿಂದು ಮಲಗಿದೆ. ದೇವರನ್ನು ಸ್ಥಾಪನೆ ಮಾಡಿದವರು ಉಪವಾಸ ಇರಬೇಕಂತೆ, ನನಗೆ ಏನು ಗೊತ್ತು.

ವಾರದೊಳಗೆ ದೊಡ್ಡ ಕಲ್ಲಿಗೆ ಯಾರೋ ಕುಂಕುಮ ಇಟ್ಟಿದ್ದರು. ಆಮೇಲೆ ನಿಂಬೆಹಣ್ಣು. ಆಮೇಲೆ ಹಸಿರು ಬಳೆ. ಒಬ್ಬ ಲಾರಿ ಡ್ರೈವರು ದಾರಿಯಲ್ಲಿ ನಿಲ್ಲಿಸಿ ಕಾಯಿ ಒಡೆದು ಹೋದನಂತೆ. ಹೆಸರು ಯಾವಾಗ ಬಂತೋ ಗೊತ್ತಿಲ್ಲ, ಒಂದು ದಿನ ಅಂಗಡಿಯಲ್ಲಿ "ಪಟ್ಟೆಮ್ಮನ ಗುಡ್ಡದ ತಿರುವಿನಾಗ" ಅಂತ ಒಬ್ಬ ಮಾತಾಡಿದ್ದು ಕೇಳಿಸಿತು. ಮಂಜುನಾಥ ಗಾಬರಿಯಾಗಿ ಬಂದ. ಕಾಡಿನ ಜಾಗದಲ್ಲಿ ಗುಡಿ ಎದ್ದರೆ ಮೇಲಿನವರು ಅವನನ್ನು ಕೇಳುತ್ತಾರೆ.

"ಅಜ್ಜಿ, ಅದನ್ನ ಕೂರಿಸಿದವ್ರು ಯಾರು?"

"ಯಾರೂ ಕೂರಿಸಿಲ್ಲ ತಮ್ಮಾ, ಗಡಿ ಕಲ್ಲದು. ನೀನ ಹೇಳಿದ್ದು, ನಾನ ಬಳದದ್ದು."

ಅವನು ಹಾಗಾದರೆ ಗಡಿ ಕಲ್ಲೇ ಅಂದ. ಆದರೆ ಅದರ ಹತ್ತಿರ ಹೋಗುವಾಗ ಬೂಟು ಬಿಚ್ಚುವುದು ನಾನು ನೋಡಿದೆ.

ನಾನು ಎಲ್ಲರಿಗೂ ಹೇಳಿದೆ. ಅಂಗಡಿಯಲ್ಲಿ, ಬೋರಿನ ಹತ್ತಿರ, ಬಸ್ಸಿನಲ್ಲಿ. ಸುಣ್ಣ ಸಾಲಲಿಲ್ಲ, ಅದಕ್ಕೆ ಪಟ್ಟೆ ಎಳೆದೆ ಅಂತ. ತಿಪ್ಪಮ್ಮನಿಗೆ ಹೇಳಿದಾಗ ಆಕೆ ಹುಲ್ಲು ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ನೀನ ಬಳದೀ ಖರೆ ಯಕ್ಕಾ. ಬಳಿಸ್ಕೊಂಡಾಕಿ ಯಾರು?"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಿಮಗೆ ತಿಳಿದರೆ ನನಗೂ ಹೇಳಿ.

ಒಂದು ಮಾತು ಒಪ್ಪಬೇಕು. ಕುರಿಯವರು ಆ ಕಲ್ಲಿನ ಸಾಲು ದಾಟಲಿಲ್ಲ. ಬೀಡಿ ಸೇದುವವರು ಆ ಕಡೆ ಬಂದರೆ ಆರಿಸಿಕೊಂಡು ನಡೆದರು. ಬೇಸಿಗೆಯಲ್ಲಿ ಬೆಂಕಿ ಬೀಳಲಿಲ್ಲ. ಮೊದಲ ಮಳೆಗಾಲ ಅಲ್ಲಲ್ಲಿ ಗಡ್ಡ ಬಂದ ಹಾಗೆ ಹುಲ್ಲು ಬಂತು. ಮುಂದಿನ ಮಳೆಗಾಲ ಕಂದಕದಲ್ಲಿ ನೀರು ನಿಂತು, ಓರೆಯೆಲ್ಲ ತುಂಬಿತು. ಅದರ ಮುಂದಿನ ದಸರೆಗೆ ಗಾಳಿ ಬೀಸಿದರೆ ಗುಡ್ಡದ ಮೈ ಅಲೆಅಲೆಯಾಗಿ ಹೊರಳುತ್ತಿತ್ತು. ಕಟ್ಟೆಯ ಮೇಲೆ ಕುಂತು ನೋಡಿದೆ. ಕಣ್ಣಲ್ಲಿ ನೀರು ಬಂತು ಅಂತ ಬರೆಯಬಹುದು, ಬರಲಿಲ್ಲ. ಎಷ್ಟು ಹೊರೆ ಆಗಬಹುದು ಅಂತ ಯೋಚನೆ ಬಂತು.

ಬೀಜ ಉದುರಿದ ಮೇಲೆ ಕೊಯ್ಯಲು ಒಂದು ದಿನ ಗೊತ್ತುಮಾಡಿದರು. ಮನೆಗೊಬ್ಬರಂತೆ ಹೆಂಗಸರು ಕುಡುಗೋಲು ಮಸೆದುಕೊಂಡು ಬಂದರು. ಬಂದು ಕಲ್ಲಿನ ಸಾಲಿನ ಈಚೆ ನಿಂತರು. ನಿಂತೇ ಇದ್ದರು. ಒಬ್ಬಳಿಗೆ ಮಣಿಕಟ್ಟು ನೋವು, ಒಬ್ಬಳಿಗೆ ಮನೆಯಲ್ಲಿ ಸೂತಕ, ಒಬ್ಬಳು ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದಳಂತೆ. ಯಾರೂ ಪಟ್ಟೆಮ್ಮನ ಹೆಸರು ಎತ್ತಲಿಲ್ಲ, ಯಾರೂ ಸಾಲು ದಾಟಲಿಲ್ಲ. ನಾನು ತಿಪ್ಪಮ್ಮನ ಕಡೆ ತಿರುಗಿದೆ. ಮೊದಲ ಕುಡುಗೋಲು ಆಕೆಯದು.

"ನಡಿಯಬೇ," ಅಂದೆ.

"ಆಕಿ ಇಷ್ಟು ದಿನ ಕಾದು ಬೆಳಸ್ಯಾಳ ಯಕ್ಕಾ. ಕೇಳದ ಆಕಿ ಮೈಮ್ಯಾಲೆ ಕುಡುಗೋಲು ಹೆಂಗ ಇಡ್ಲಿ?"

"ನಿನ್ನ ಎಮ್ಮಿ ಇಷ್ಟು ದಿನ ಉಪವಾಸ ಬಿದ್ದದ್ದು ಯಾತಕ್ಕ ಮತ್ತ?"

ಆಕೆ ಕುಡುಗೋಲನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನನಗೆ ಸಿಟ್ಟು ಬಂತು. ನಾನೇ ದಾಟಿ ಹೋಗಿ, ಬಗ್ಗಿ, ಒಂದು ತೆಕ್ಕೆ ಕೊಯ್ದು, ತಲೆಯ ಮೇಲಿಟ್ಟುಕೊಂಡು ತಿರುಗಿದೆ. ನೋಡಿರಿ, ನನಗೇನಾಯಿತು ಅಂತ ಎಲ್ಲರಿಗೂ ಕೇಳುವಂತೆ ಹೇಳಿ ಕಂದಕ ದಾಟಿದೆ. ದಾಟುವಾಗ ಕಾಲು ಉಳುಕಿತು. ಹುಲ್ಲಿನ ಹೊರೆಯ ಸಮೇತ ಕಂದಕದಲ್ಲಿ ಕುಂತೆ.

ಯಾರೂ ನಗಲಿಲ್ಲ. ಅದೇ ಕೆಟ್ಟದ್ದು. ನಕ್ಕಿದ್ದರೆ ಕಾಲು ಉಳುಕಿದ್ದು ಅಷ್ಟೇ ಆಗುತ್ತಿತ್ತು. ಎಲ್ಲರೂ ಕುಡುಗೋಲು ಸೆರಗಿನಲ್ಲಿ ಸುತ್ತಿ, ಕಲ್ಲಿಗೆ ಕೈ ಮುಗಿದು ಮನೆಗೆ ಹೋದರು. ತಿಪ್ಪಮ್ಮ ನನ್ನನ್ನು ಹೆಗಲು ಕೊಟ್ಟು ಮನೆಗೆ ಕರೆತಂದು, ಅರಿಶಿನ ಸುಣ್ಣ ಬಿಸಿ ಮಾಡಿ ಪಾದಕ್ಕೆ ಪಟ್ಟು ಹಾಕಿದಳು. ಸುಣ್ಣ ನನ್ನನ್ನು ಬಿಡುವ ಹಾಗೆ ಕಾಣಲಿಲ್ಲ. ಆ ಒಂದು ತೆಕ್ಕೆ ಹುಲ್ಲನ್ನು ಆಕೆ ಚಂದ್ರಿಗೆ ಹಾಕಲಿಲ್ಲ. ಸೂರಿನ ಕೆಳಗೆ ಇಟ್ಟಳು. ಚಂದ್ರಿ ಹಗ್ಗ ಎಳೆದು ಎಳೆದು ಅದರ ಕಡೆ ಮೂಗು ಚಾಚುತ್ತಿತ್ತು.

ನಾನು ಮಂಚದ ಮೇಲೆ ಕುಂತು ದಿನ ತಳ್ಳಿದೆ. ಹುಲ್ಲು ಗುಡ್ಡದ ಮೇಲೆ ನಿಂತಲ್ಲೇ ಬಣ್ಣ ತಿರುಗತೊಡಗಿತು. ಮಂಜುನಾಥ ಬಂದು ಮಾತಾಡಿಸಿದ. ಒಣಗಿ ನಿಂತ ಹುಲ್ಲು ಬೇಸಿಗೆಗೆ ಸಿಡಿಮದ್ದಿನ ಹಾಗೆ, ಒಂದು ಕಿಡಿ ಸಾಕು, ಹಚ್ಚಿದ ಸಸಿಯೂ ಹೋಗುತ್ತದೆ ಅಂತ ಅವನಿಗೆ ಚಿಂತೆ. ನನ್ನ ಚಿಂತೆ ಗೋಡೆಯ ಆಚೆಯದು. ಕಬ್ಬಿನ ಸೋಗೆ ಬರುವುದು ನಿಂತಿತ್ತು. ಚಂದ್ರಿಯ ಹಾಲು ಇಳಿದಿತ್ತು. ಒಂದು ಬೆಳಿಗ್ಗೆ ನಡುಗೋಡೆಯಾಚೆ ಪರಗಂಡಸಿನ ದನಿ ಕೇಳಿಸಿತು. ಇಣುಕಿ ನೋಡಿದರೆ ದನದ ದಲ್ಲಾಳಿ, ಚಂದ್ರಿಯ ಬಾಯಿ ತೆರೆದು ಹಲ್ಲು ನೋಡುತ್ತಿದ್ದ. ತಿಪ್ಪಮ್ಮ ಬೇರೆ ಕಡೆ ಮುಖ ಮಾಡಿ ನಿಂತಿದ್ದಳು. ಆವತ್ತು ಹುಲ್ಲಿನ ನಡುವೆ ಕುಂತು ಅತ್ತಳಲ್ಲ, ಅದೇ ಮುಖ. ಸದ್ದಿಲ್ಲ.

ದಲ್ಲಾಳಿ ಮತ್ತೆ ಬರುತ್ತೇನೆ ಅಂದು ಹೋದ ಮೇಲೆ ನಾನು ಕೋಲು ಊರಿಕೊಂಡು ಆಚೆ ಹೋದೆ. ಏನು ಹೇಳುವುದು? ಕಲ್ಲು ಕಲ್ಲೇ ಅಂತ ಇನ್ನೊಂದು ಸಲ ಹೇಳಬಹುದಿತ್ತು. ಅದು ನಿಜ. ನಿಜ ಹೇಳಿ ಹೇಳಿ ಎಮ್ಮೆ ಸಂತೆಗೆ ಹೊರಟಿತ್ತು.

"ಕೇಳದ ಕೊಯ್ಯಂಗಿಲ್ಲ ಅಂದಿ. ಹಂಗಾರ ಕೇಳೋಣ ನಡಿ. ಮಂಗಳವಾರ ಹೂವು ಕೇಳೋಣ," ಅಂದೆ.

ಆಕೆ ನನ್ನ ಮುಖ ನೋಡಿದಳು. "ನೀನಾ?"

"ಹೂಂ, ನಾನ. ಬಳದಾಕಿ ನಾನ ಅಲ್ಲೇನು, ನನಗರ ಹೇಳ್ತಾಳ."

ಹೂವು ಕೇಳುವುದು ಅಂದರೆ, ದೇವರ ಮೈಗೆ ನೀರು ಹಚ್ಚಿ ಎಡಕ್ಕೊಂದು ಬಲಕ್ಕೊಂದು ಹೂವು ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ನಮ್ಮಲ್ಲಿ ಲಗ್ನ, ಬಿತ್ತನೆ, ಬೋರ್‌ವೆಲ್ ಎಲ್ಲ ಹೀಗೆಯೇ ತೀರ್ಮಾನ. ಮಂಗಳವಾರ ಊರಿಗೆ ಊರೇ ಬಂತು. ಮಂಜುನಾಥ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಿಂತಿದ್ದ. ಅವನ ತುಟಿ ಅಲುಗುತ್ತಿತ್ತು. ನಾನೇ ಕನಕಾಂಬರದ ಎರಡು ಗೊಂಚಲು ಅಂಟಿಸಿದೆ. ಬಲಗಡೆಯದಕ್ಕೆ ನೀರು ಸ್ವಲ್ಪ ಕಡಿಮೆ ಹಚ್ಚಿದೆ. ದೇವರಿಗೆ ಅಷ್ಟು ಸಹಾಯ ಮಾಡಿದರೆ ತಪ್ಪಲ್ಲ.

ಆದರೆ ನಾನು ಬಳಿದ ಸುಣ್ಣ ಮಳೆಗೆ ಸವೆದು ಕಲ್ಲು ಮತ್ತೆ ಒರಟಾಗಿತ್ತು. ಹೂವು ಆ ತರಿಗೆ ಸಿಕ್ಕಿಕೊಂಡು ಕುಂತಿತು. ಬಿಸಿಲು ಏರಿತು. ಹೂವು ಅಲ್ಲೇ. ಮಕ್ಕಳು ಅತ್ತವು. ಹೂವು ಅಲ್ಲೇ. ಗಾಳಿಯಾದರೂ ಬೀಸಬಾರದೇ ಅಂತ ನೋಡಿದೆ, ಓರೆಯ ಮೇಲೆ ಒಂದು ಎಸಳೂ ಅಲುಗಲಿಲ್ಲ. ಕೆಮ್ಮುವ ನೆವದಲ್ಲಿ ಊದಲೇ ಅಂತ ಬಗ್ಗಿದೆ. ದೊಡ್ಡಬಸಪ್ಪ ನನ್ನನ್ನೇ ನೋಡುತ್ತಿದ್ದ. ನೇರವಾದೆ. ಜನ ಒಬ್ಬೊಬ್ಬರೇ ನೆರಳು ಹುಡುಕತೊಡಗಿದರು. ತಿಪ್ಪಮ್ಮ ಆ ಜನದಲ್ಲಿ ಕಾಣಲಿಲ್ಲ. ಅಳಲು ಹೋಗಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಂದು ನನ್ನ ಪಕ್ಕ ನಿಂತಳು. ಉಸಿರು ಏರಿತ್ತು.

ಆಕೆಯ ಹಿಂದೆಯೇ ಆ ಕಿವಿ ಹರಿದ ಮೇಕೆ ಬಂತು. ಯಾರ ಕಡೆಗೂ ನೋಡದೆ, ಪೂಜಾರಿ ಒಳಗೆ ಹೋಗುವ ಹಾಗೆ ಜನರ ನಡುವೆ ನಡೆದು, ಕಲ್ಲಿನ ಮುಂದೆ ನಿಂತು, ಬಲಗಡೆಯ ಹೂವನ್ನು ಬಾಯಿಗೆ ಹಾಕಿಕೊಂಡಿತು. ಅಗಿದು ನುಂಗಿ ಎಡಗಡೆಯದನ್ನೂ ತಿಂದಿತು.

ದೊಡ್ಡಬಸಪ್ಪ ಕೋಲು ಎತ್ತಿದ. ತಿಪ್ಪಮ್ಮ ನಡುವೆ ನಿಂತಳು.

"ಹೊಡಿಬ್ಯಾಡ್ರಿ. ಪಟ್ಟೆಮ್ಮ ಹೂವು ಕೊಟ್ಳು."

"ಎರಡೂ ತಿಂತಲ್ಲಬೇ. ಏನ್ ಕೊಟ್ಳು?"

"ಮೊದಲ ಯಾವುದು ತಿಂತು?"

"ಬಲಗಡೀದು," ಅಂತ ನಾಲ್ಕೈದು ಜನ ಒಟ್ಟಿಗೇ ಅಂದರು.

"ಮತ್ತ? ಬರೇ ಹೂಂ ಅನ್ನೂದಿದ್ರ ನೆಲಕ್ಕ ಬೀಳಿಸ್ತಿದ್ಳು. ಬಾಯಿಲ್ಲದ ಜೀವದ ಬಾಯಾಗ ಹಾಕ್ಯಾಳ. ಹುಲ್ಲು ಯಾರಿಗಂತ ಹೇಳ್ಯಾಳ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಹೂಂ ಹೌದು ಅಂದರು, ಎಲ್ಲರೂ ಹೌದು ಅಂದರು. ತಿಪ್ಪಮ್ಮ ಕುಡುಗೋಲನ್ನು ಕಲ್ಲಿಗೆ ಮುಟ್ಟಿಸಿ, ಸಾಲು ದಾಟಿ, ಬಗ್ಗಿದಳು. ಆ ಸಪ್ಪಳ, ಕರ್ ಕರ್ ಅಂತ, ನಾನು ಎಷ್ಟೋ ವರ್ಷದ ಮೇಲೆ ಆ ಗುಡ್ಡದಲ್ಲಿ ಕೇಳಿದ್ದು. ಮಣಿಕಟ್ಟು ನೋವಿನವಳು ಎರಡನೆಯವಳಾಗಿ ದಾಟಿದಳು.

ಕಲ್ಲಿನ ಸುತ್ತ ಒಂದು ಅಗಲ ಪಟ್ಟಿ ಕೊಯ್ಯದೆ ಪಟ್ಟೆಮ್ಮನಿಗೇ ಮೀಸಲು ಬಿಡಬೇಕು ಅಂತ ತಿಪ್ಪಮ್ಮನೇ ಅಂದಳು. ಮಂಜುನಾಥನಿಗೆ ಖುಷಿಯಾಯಿತು, ಮುಂದಿನ ಸಲಕ್ಕೆ ಬೀಜ ಉಳಿಯುತ್ತದೆ. ದನ ಒಳಗೆ ಬಿಡುವುದಿಲ್ಲ, ತಲೆಹೊರೆ ಮಾತ್ರ, ಮನೆ ಸರದಿ ತಪ್ಪಿಸುವಂತಿಲ್ಲ ಅಂತ ಅಲ್ಲೇ ನಿಂತು ಎಲ್ಲರೂ ಮಾತಾಡಿಕೊಂಡರು. ಈ ಸಲ ಪಡಸಾಲೆಯ ಸಭೆ ಬೇಕಾಗಲಿಲ್ಲ.

ಕುಂಟುತ್ತಾ ನಾನೂ ತಿಪ್ಪಮ್ಮನ ಪಕ್ಕ ಕೊಯ್ಯತೊಡಗಿದೆ. ಮೇಕೆ ನಮ್ಮ ಎದುರೇ ನಿಂತು ಬಾಳೆಹಣ್ಣಿನ ಸಿಪ್ಪೆ ತಿನ್ನುತ್ತಿತ್ತು. ಆಕೆ ಆ ಮೇಕೆಯನ್ನು ಹಿತ್ತಲಲ್ಲಿ ಕಟ್ಟುವ ಗಂಟು ನನಗೆ ಗೊತ್ತು, ಮೊಳೆ ಹಾಕಿ ಮೀಟಿದರೂ ಬಿಚ್ಚುವುದಿಲ್ಲ. ಹಗ್ಗ ಹರಿದಿರಲಿಲ್ಲ. ಮೇಯಲು ಬಿಡುವಾಗ ಸುತ್ತುವ ಹಾಗೆ ಕೊರಳಿಗೆ ಅಚ್ಚುಕಟ್ಟಾಗಿ ಸುತ್ತಿತ್ತು.

"ಮ್ಯಾಕಿ ಹೆಂಗ ಬಂತಬೇ?" ಅಂತ ಕೇಳಿದೆ.

"ಯಕ್ಕಾ, ಎಲ್ಲಾ ನಿನಗ ಗೊತ್ತಿರಬೇಕೇನು? ಬಗ್ಗಿ ಕೊಯ್ಯಿ, ಬಿಸಿಲೇರ್ತದ."

ಬಗ್ಗಿ ಕೊಯ್ದೆ. ಸಂಜೆ ದಲ್ಲಾಳಿ ಬಂದಾಗ ಚಂದ್ರಿ ಬಾಯಿ ತೆರೆಯಲು ಒಪ್ಪಲಿಲ್ಲ, ಅದರ ತುಂಬ ಹುಲ್ಲಿತ್ತು. ಅವನು ಹೋದ.

ಮಾರನೆಯ ಬೆಳಿಗ್ಗೆ ಎದ್ದು, ಕುಂಚ ನೀರಲ್ಲಿ ನೆನೆಸಿ, ಡಬ್ಬಿ ತೆಗೆದುಕೊಂಡು ಕುಂಟುತ್ತಾ ಗುಡ್ಡದ ದಾರಿ ಹಿಡಿದೆ. ಯಾರೂ ಹೇಳಿರಲಿಲ್ಲ. ಬೇವಿನ ಕೆಳಗೆ ಕುಂತು ಕಲ್ಲಿನ ಮೈಯ ತರಿ ಉಜ್ಜಿ ತೆಗೆದು, ಒರೆಸಿ, ಬಳಿಯತೊಡಗಿದೆ. ಈ ಸಲ ಸುಣ್ಣ ಬೇಕಾದಷ್ಟಿತ್ತು, ಕಲ್ಲಿಗೆ ಕಲ್ಲೇ ಬಿಳಿ ಮಾಡಬಹುದಿತ್ತು. ನಡುನಡುವೆ ಜಾಗ ಬಿಟ್ಟು, ಅಲ್ಲೇ ನೆಲದಿಂದ ಕೆಮ್ಮಣ್ಣು ತೆಗೆದು ಕಲಸಿ, ಪಟ್ಟೆಯನ್ನೇ ಎಳೆದು ಬಂದೆ.